ಆರು ವೋಲ್ಟಿನ ಯೆಜ್ಡಿ, ಹೆಬ್ಬೆಯ ಮಳೆ

ಹಳೇ ಯೆಜ್ಡಿ ಇಟ್ಟುಕೊಂಡವರನ್ನು ಮಾತಾಡಿಸಿ ನೋಡಿ. ಎಂಜಿನ್ ಬಗ್ಗೆ ಗಂಟೆಗಟ್ಟಲೆ ಹೊಗಳ್ತಾರೆ. ಕರೆಂಟಿನ ವಿಷಯ ಎತ್ತಿದ ಕೂಡಲೇ ದನಿ ತಗ್ಗುತ್ತೆ. ಗಾಡಿ ಬಂಗಾರ, ಆದರೆ ವೈರಿಂಗ್ ಮಾತ್ರ ಕೇಳಬೇಡಿ ಅಂತಾರೆ. ಈ ಅಪವಾದ ನಿಜವೇ? ನಿಜವಾದರೆ ತಪ್ಪು ಯಾರದ್ದು? ಉತ್ತರ ಹುಡುಕ್ತಾ ಹೋದರೆ ಮೈಸೂರಿನ ಒಂದು ಕಾರ್ಖಾನೆ, ಹೈಸ್ಕೂಲಿನ ಓಮ್ ನಿಯಮ, ಮಲೆನಾಡಿನ ಮಳೆ ಮೂರೂ ದಾರಿಯಲ್ಲಿ ಸಿಗುತ್ತವೆ.

ಮೊದಲು ಮಳೆಯ ಊರು. ನಾನು ಬೆಳೆದದ್ದು ತರೀಕೆರೆ ಕಡೆಯ ಹಳ್ಳಿಯಲ್ಲಿ. ಲಿಂಗದಹಳ್ಳಿ ದಾಟಿ ಘಾಟಿ ಹತ್ತಿದರೆ ಕೆಮ್ಮಣ್ಣುಗುಂಡಿ, ಅಲ್ಲಿಂದ ಕಾಡಿನೊಳಗೆ ಇಳಿದರೆ ಹೆಬ್ಬೆ. ಬೆಂಗಳೂರಿನ ಗೆಳೆಯರಿಗೆ ಹೆಬ್ಬೆ ಅಂದರೆ ಜೀಪಿನಲ್ಲಿ ಕುಲುಕಾಡುತ್ತಾ ಹೋಗಿ ನೋಡುವ ಜಲಪಾತ, ಎರಡು ಹಂತದಲ್ಲಿ ಧುಮುಕುವ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ. ಆ ಕಡೆಯ ಕಾಫಿ ತೋಟಗಳಲ್ಲಿ ದುಡಿಯೋರಿಗೆ ಅದು ಜೂನ್‌ನಲ್ಲಿ ಹಿಡಿದು ಸೆಪ್ಟೆಂಬರ್‌ವರೆಗೂ ಬಿಡದ ಮಳೆ, ಕೆಸರು, ಏರು. ಇಂಥ ದಾರಿಗೆ ಜಾವಾ, ಯೆಜ್ಡಿ ಹೇಳಿ ಮಾಡಿಸಿದ ಗಾಡಿಗಳು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಗೇರ್ ಎರಡಕ್ಕೂ ಒಂದೇ ಲಿವರ್. ಹಿಂದೆ ಮೂಟೆ ಕಟ್ಟಿದ್ದರೂ ಏರಿಗೆ ಅಂಜುತ್ತಿರಲಿಲ್ಲ.

ಇನ್ನು ಕಾರ್ಖಾನೆ. ಜಾವಾ ಅನ್ನೋದು ದ್ವೀಪದ ಹೆಸರಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಮೋಟಾರ್‌ಸೈಕಲ್ಲಿನ ಹಕ್ಕು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಮೊದಲೆರಡು ಅಕ್ಷರ ಸೇರಿಸಿ ಕಟ್ಟಿದ ಹೆಸರು ಅದು. ಸ್ವಾತಂತ್ರ್ಯದ ನಂತರ ಆಮದಿಗೆ ಕಡಿವಾಣ ಬಿದ್ದಾಗ, ಮುಂಬೈಯಲ್ಲಿ ಈ ಗಾಡಿಗಳ ವ್ಯಾಪಾರ ಮಾಡುತ್ತಿದ್ದ ರುಸ್ತುಂ ಇರಾನಿ ಮತ್ತು ಅವರ ಜೊತೆಗಾರರು ಇಲ್ಲೇ ತಯಾರಿಸುವ ಹಾದಿ ಹಿಡಿದರು. ಹಾಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಆಮೇಲೆ ರೋಡ್‌ಕಿಂಗ್ ಬಂತು. ಗಾಡಿ ಚೆಕ್ ನೆಲದ್ದೇ ಆದರೂ ಅದರ ಭಾಷೆ ಕನ್ನಡದ ಗ್ಯಾರೇಜುಗಳಲ್ಲಿ ಬೆಳೆಯಿತು. ಪಾಯಿಂಟು, ಕಂಡೆನ್ಸರು, ಕಟೌಟು, ಕಾಯ್ಲು. ಇವು ಇಂಗ್ಲಿಷ್ ಪದಗಳು ಅಂತಲೇ ಎಷ್ಟೋ ಮೆಕ್ಯಾನಿಕ್‌ಗಳಿಗೆ ಅನ್ನಿಸಿರಲಿಕ್ಕಿಲ್ಲ.

ಆ ಗಾಡಿಯ ವಿದ್ಯುತ್ ವ್ಯವಸ್ಥೆ ಸರಳ. ಎಂಜಿನ್‌ನ ಬಲಗಡೆಯ ಕವರ್ ಬಿಚ್ಚಿದರೆ ಡೈನಮೋ. ಅಲ್ಲೇ ಕಾಂಟ್ಯಾಕ್ಟ್ ಪಾಯಿಂಟ್, ಅಂದರೆ ಎಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು. ಮುಚ್ಚಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲ್‌ನಲ್ಲಿ ಹರಿಯುತ್ತೆ. ತೆರೆದ ಕ್ಷಣ ಹರಿವು ತಟ್ಟನೆ ನಿಂತು, ಕಾಯಿಲ್ ಸಾವಿರಾರು ವೋಲ್ಟನ್ನು ಪ್ಲಗ್ಗಿಗೆ ಎಸೆಯುತ್ತೆ. ಪಾಯಿಂಟಿನಲ್ಲೇ ಕಿಡಿ ಹಾರಿ ಅದು ಸುಟ್ಟುಹೋಗದಂತೆ ಕಾಯೋದು ಕಂಡೆನ್ಸರ್. ಡೈನಮೋ ಬ್ಯಾಟರಿಗೆ ತುಂಬುವುದನ್ನು ನೋಡಿಕೊಳ್ಳೋದು ರೆಗ್ಯುಲೇಟರ್. ಇಷ್ಟೇ. ಕಪ್ಪು ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಗುಟ್ಟು ಒಂದೂ ಇಲ್ಲ.

ಹಾಗಾದರೆ ತೊಂದರೆ ಎಲ್ಲಿತ್ತು? ಇಡೀ ವ್ಯವಸ್ಥೆ ಆರು ವೋಲ್ಟಿನದು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಹೆಡ್‌ಲೈಟ್ 24 ವ್ಯಾಟ್ ಅಂತ ಇಟ್ಟುಕೊಳ್ಳಿ. ಆರು ವೋಲ್ಟಿನಲ್ಲಿ ಅದಕ್ಕೆ 4 ಆಂಪಿಯರ್ ಬೇಕು, ಹನ್ನೆರಡು ವೋಲ್ಟಿನಲ್ಲಿ 2 ಸಾಕು. ಈಗ ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟು ಕಿಲುಬು ಹಿಡಿದು ಕಾಲು ಓಮ್ ಪ್ರತಿರೋಧ ಒಡ್ಡಿತು ಅನ್ನಿ. ಆರರ ಗಾಡಿಯಲ್ಲಿ ಒಂದು ಪೂರ್ತಿ ವೋಲ್ಟ್ ಅಲ್ಲೇ ಸೋರಿಹೋಯಿತು, ಅಂದರೆ ಆರರಲ್ಲೊಂದು ಪಾಲು. ಹನ್ನೆರಡರ ಗಾಡಿಯಲ್ಲಿ ಸೋರೋದು ಅರ್ಧ ವೋಲ್ಟ್, ಇಪ್ಪತ್ನಾಲ್ಕರಲ್ಲೊಂದು ಪಾಲು. ಅದೇ ಕಿಲುಬು, ನಾಲ್ಕು ಪಟ್ಟು ನಷ್ಟ! ಬಲ್ಬಿನ ಬೆಳಕು ವೋಲ್ಟೇಜಿಗಿಂತ ತುಂಬಾ ಬೇಗ ಕುಸಿಯುವುದರಿಂದ ಐದು ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಘಾಟಿಯ ತಿರುವಿನಲ್ಲಿ ಅರ್ಧ ಬೆಳಕು ಅಂದರೆ ಏನು ಅಂತ ಹೆಬ್ಬೆ ದಾರಿಯಲ್ಲಿ ಕತ್ತಲಾದ ಮೇಲೆ ಓಡಾಡಿದವರಿಗೆ ಗೊತ್ತು.

ಕಿಲುಬಿಗೆ ಮಲೆನಾಡಿಗಿಂತ ಒಳ್ಳೆ ತವರು ಬೇಕಾ? ಅಪವಾದದ ದೊಡ್ಡ ಪಾಲು ಇಲ್ಲೇ ಇದೆ. ಆರು ವೋಲ್ಟ್ ಆ ಕಾಲದ ಮೋಟಾರ್‌ಸೈಕಲ್‌ಗಳಲ್ಲಿ ಮಾಮೂಲಿ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ನೀರು ಕುಡಿಯುವ ಜಾಯಿಂಟುಗಳನ್ನು ಅದು ಕ್ಷಮಿಸೋದಿಲ್ಲ.

ನಮ್ಮ ಮನೆಯಲ್ಲಿ ಬೈಕ್ ಇರಲಿಲ್ಲ. ಸಂತೆಗೆ ಹೋದಾಗ ಗ್ಯಾರೇಜಿನ ಎದುರಿನ ಕಲ್ಲಿನ ಮೇಲೆ ಕೂತು ನೋಡೋದೇ ನನ್ನ ಸಿನಿಮಾ. ಮೆಕ್ಯಾನಿಕ್ ಹತ್ತಿರ ಮೀಟರ್ ಇರಲಿಲ್ಲ. ಒಂದು ಬಲ್ಬು, ಅದಕ್ಕೆ ಎರಡು ವೈರು, ಅಷ್ಟೇ. ಒಂದು ವೈರು ಗಾಡಿಯ ಮೈಗೆ, ಇನ್ನೊಂದು ಅನುಮಾನ ಇರುವ ಕಡೆಗೆ. ಬಲ್ಬು ಹತ್ತಿದರೆ ಅಲ್ಲಿಯವರೆಗೆ ಕರೆಂಟು ಬಂದಿದೆ, ಮುಂದೆ ಹುಡುಕು. ಹತ್ತದಿದ್ದರೆ ಹಿಂದೆ ಹುಡುಕು. ಮಂಕಾಗಿ ಹತ್ತಿದರೆ ಕಿಲುಬು ಹುಡುಕು.

ಗಾಡಿ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ ಮೇಲೆ ತಾಗಿಸಿಟ್ಟು ಕಿಕ್ ಹೊಡೆಯೋದು. ನೀಲಿ ಕಿಡಿ ಬಂದರೆ ದೋಷ ಪೆಟ್ರೋಲಿನ ಕಡೆ. ಹಳದಿಯಾಗಿ ಸೊರಗಿದ್ದರೆ ಪಾಯಿಂಟ್ ಉಜ್ಜಿ, ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಸಂದು ಇಡಬೇಕು. ಪಾಯಿಂಟಿನ ನಡುವೆಯೇ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಹೊರಡುವ ಗಾಡಿಯಲ್ಲಿ ಕಾಯಿಲ್ ಮೇಲೋ ಕಂಡೆನ್ಸರ್ ಮೇಲೋ ಅನುಮಾನ. ಎಂಜಿನ್ ವೇಗ ಹೆಚ್ಚಿದರೂ ಚಾರ್ಜಿಂಗಿನ ಕೆಂಪು ದೀಪ ಆರದಿದ್ದರೆ ಡೈನಮೋದ ಬ್ರಷ್, ಆಮೇಲೆ ರೆಗ್ಯುಲೇಟರ್. ಇವೆಲ್ಲಕ್ಕೂ ಮುಂಚೆ ಬ್ಯಾಟರಿ ಟರ್ಮಿನಲ್ ಮತ್ತು ಅರ್ಥ್ ವೈರ್ ಕೆರೆದು ಬಿಗಿ ಮಾಡೋದು. ಅರ್ಧಕ್ಕರ್ಧ ಕಾಯಿಲೆ ಅಲ್ಲೇ ವಾಸಿ.

ಮುಂದೆ ಬಿಇ ಓದುವಾಗ, ಆಮೇಲೆ ಆಫೀಸಿನಲ್ಲಿ ಕೋಡಿನ ದೋಷ ಹುಡುಕುವಾಗ ಇದೇ ಕ್ರಮಕ್ಕೆ ದೊಡ್ಡ ದೊಡ್ಡ ಹೆಸರು ಕೇಳಿದೆ. ಹಾದಿಯನ್ನು ನಡುವೆ ಕಡಿ, ದೋಷ ಇಲ್ಲದ ಅರ್ಧವನ್ನು ಬಿಟ್ಟುಬಿಡು. ಹೈಸ್ಕೂಲು ಮುಗಿಸದ ಕೈಗಳು ಇದನ್ನು ಬಲ್ಬ್ ಹಿಡಿದು ಮಾಡುತ್ತಿದ್ದವು. ಕಾರ್ಖಾನೆ ಬರೀ ಗಾಡಿ ಮಾರಲಿಲ್ಲ, ಗೊತ್ತಿಲ್ಲದೇ ಊರೂರಿಗೆ ವಿದ್ಯುತ್ ಪಾಠವನ್ನೂ ಹಂಚಿತು.

1980ರ ದಶಕದ ನಡುವೆ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದವು. ಹೀರೋ ಹೋಂಡಾ ಸಿಡಿ 100ರಲ್ಲಿ ಉಜ್ಜಲು ಪಾಯಿಂಟೇ ಇರಲಿಲ್ಲ, ಆ ಕೆಲಸ ಸಿಡಿಐ ಅನ್ನುವ ಮುಚ್ಚಿದ ಎಲೆಕ್ಟ್ರಾನಿಕ್ ಪೆಟ್ಟಿಗೆಯದ್ದು. ಪೆಟ್ರೋಲೂ ಕಡಿಮೆ ಕುಡೀತಿತ್ತು. ಪೈಪೋಟಿ, ಕಾರ್ಮಿಕರ ಜೊತೆಗಿನ ತಿಕ್ಕಾಟ, ಬಿಗಿಯಾದ ಹೊಗೆ ನಿಯಮ ಎಲ್ಲ ಸೇರಿ 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು.

ಹಳೆಯದೇ ಚೆನ್ನಾಗಿತ್ತು ಅಂತ ಹಾಡೋದಕ್ಕೆ ನಾನು ಬಂದಿಲ್ಲ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ತರೀಕೆರೆ ಆಸ್ಪತ್ರೆಗೆ ಕರೆತರಬೇಕಾದಾಗ ಕಂಡೆನ್ಸರಿನ ಪಾಠ ಯಾರಿಗೂ ಬೇಡ, ಗಾಡಿ ಸ್ಟಾರ್ಟ್ ಆಗಬೇಕು. ಆ ಮಟ್ಟಿಗೆ ಮುಚ್ಚಿದ ಪೆಟ್ಟಿಗೆ ಬಡವರ ಪಾಲಿಗೆ ದೊಡ್ಡ ಉಪಕಾರ. ಜುಲೈನ ಎರಡನೇ ಭಾನುವಾರ ಜಾವಾ ದಿನಕ್ಕೆ ಬೆಂಗಳೂರಿನಲ್ಲಿ ಸೇರುವ ಅಭಿಮಾನಿಗಳಲ್ಲೂ ಎಷ್ಟೋ ಜನ ಹನ್ನೆರಡು ವೋಲ್ಟಿನ ಕಿಟ್ ಹಾಕಿಸಿಕೊಂಡಿದ್ದಾರೆ. ಅದರಲ್ಲಿ ದ್ರೋಹವೇನೂ ಇಲ್ಲ.

ನನ್ನ ತಕರಾರು ಬೇರೆ. ಪೆಟ್ಟಿಗೆ ಕೆಡುವುದು ಕಡಿಮೆಯಾಯಿತು ಸರಿ, ಆದರೆ ಕೆಟ್ಟ ದಿನ ಅದನ್ನು ತೆರೆದು ನೋಡುವ ಹಕ್ಕು ಯಾರದ್ದು? ಇವತ್ತಿನ ಬೈಕಿನ ದೋಷವನ್ನು ಕಂಪನಿಯ ಸ್ಕ್ಯಾನರ್ ಓದಬೇಕು, ಆ ಸ್ಕ್ಯಾನರ್ ಸಂತೆ ಊರಿನ ಗ್ಯಾರೇಜಿಗೆ ಸುಲಭಕ್ಕೆ ಎಟುಕೋದಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಮೊಬೈಲ್, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಅಂಥ ಪೆಟ್ಟಿಗೆಗಳಿಗೆ ಕೋಡ್ ಬರೆಯೋರು ನಮ್ಮಂಥವರೇ. ದೋಷ ಎಲ್ಲಿದೆ ಅಂತ ಹೊರಗಿನವರಿಗೂ ತಿಳಿಯುವ ಹಾಗೆ ಬರೆಯೋದು ನಮಗೆ ಅಂಥ ಕಷ್ಟವಲ್ಲ. ಆರು ವೋಲ್ಟಿನ ಬಲ್ಬು ಮಾಡುತ್ತಿದ್ದದ್ದೂ ಅಷ್ಟೇ ತಾನೇ.