ಪೀಪಾಯಿ ಜಾತ್ರಿ

ಮದಲ ಒಂದು ಮಾತು ಹೇಳಿಬಿಡ್ತೀನ್ರಿ, ನಮ್ಮ ಮನ್ಯಾಗ ಕುಡಿಯೋರು ಯಾರೂ ಇಲ್ಲ. ಒಬ್ಬರಿದ್ರು, ನಮ್ಮ ಸೋದರಮಾವ. ಅವರ ಕಾಲಕ್ಕ ಹೊಲ ಹೋತು, ಮಾಮಿ ಕೈಯಾನ ಪಾಟ್ಲಿ ಹೋದ್ವು, ಕಡೀಕ ಅವರೂ ಹೋದ್ರು. 2007ರಾಗ ನಮ್ಮ ರಾಜ್ಯದಾಗ ಸಾರಾಯಿ ಬಂದ್ ಆದಾಗ ನಮ್ಮವ್ವ ದೇವರ ಮುಂದ ತುಪ್ಪದ ದೀಪ ಹಚ್ಚಿದ್ಲು. ಇಂಥಾ ಮನಿಯಾಕಿ ಬೀರಿನ ಜಾತ್ರಿ ಇತಿಹಾಸ ಬರೀಲಿಕ್ಕೆ ಕೂತೀನಿ ಅಂದ್ರ ನಮ್ಮನಿಯವರು ಪೇಪರ್ ಕೆಳಗಿಟ್ಟು ಒಂದ್ಸಲ ನನ್ನ ಮಾರಿ ನೋಡಿ, ಮತ್ತ ಪೇಪರ್ ಎತ್ತಿಕೊಂಡ್ರು.

ಆಗಿದ್ದಿಷ್ಟು. ಮಗಳ ಬಾಣಂತನಕ್ಕಂತ ಇಂಗ್ಲಂಡಿನ ಕೇಂಬ್ರಿಜ್‌ಗೆ ಹೋಗಿದ್ದೆ. ಬಾಜೂಮನ್ಯಾಗ ಒಬ್ಬ ಹೆಣಮಗಳು, ಎಪ್ಪತ್ತು ದಾಟ್ಯಾವ, ಸಣ್ಣ ಮಕ್ಕಳ ಸಾಲ್ಯಾಗ ಕಲಿಸಿ ರಿಟೈರ್ ಆದವರು. ನಮ್ಮ ಕಡೆ ಸಾಲಿ ಕಲಿಸೋ ಹೆಣಮಕ್ಕಳಿಗೆ ಅಕ್ಕೋರು ಅಂತೀವಲ್ಲ, ನಾನೂ ಅವರಿಗೆ ಅಕ್ಕೋರು ಅಂತನ ಕರೀಲಿಕ್ಕೆ ಶುರು ಮಾಡಿದೆ. ಅವರಿಗೂ ಅದು ಸೇರಿತ್ತು. ಕೂಸಿಗೆ ಉಣ್ಣಿ ಟೊಪ್ಪಿಗಿ ಹೆಣೆದು ತಂದಿದ್ರು. ಮೇ ತಿಂಗಳದಾಗ ಒಂದಿನ ಮುಂಜಾನೆ ಟೀ ಶರ್ಟ್ ಹಾಕ್ಕೊಂಡು ಗಡಿಬಿಡಿಲೆ ಹೊಂಟಿದ್ರು. ಎಲ್ಲಿಗ್ರಿ ಅಂದೆ. ಬೀರ್ ಫೆಸ್ಟಿವಲ್ಲಿನ್ಯಾಗ ನಂದು ಡ್ಯೂಟಿ ಅದ, ಅಂದ್ರು. ಪಗಾರ ಎಷ್ಟು ಅಂತ ಮಗಳ ಕಡೆಯಿಂದ ಕೇಳಿಸಿದೆ. ಪಗಾರಿಲ್ಲಂತ, ಎಲ್ಲಾ ಪುಕಟ ಸೇವಾ! ನನಗ ಗಲ್ಲದ ಮ್ಯಾಲೆ ಕೈ ಇಟ್ಕೊಳ್ಳೋಹಂಗಾತು. ನೀವೂ ಬರ್ರಿ, ಕುಡೀಬ್ಯಾಡ್ರಿ, ಚೀಸ್ ತಿನ್ರಿ, ಅಂದ್ರು. ಹೋದೆ.

ಜೀಸಸ್ ಗ್ರೀನ್ ಅಂತ ದೊಡ್ಡ ಹುಲ್ಲಿನ ಬಯಲು. ಅದರಾಗ ಡೇರೆ ಹೊಡೆದಿದ್ರು. 1974ರಿಂದ ಶುರುವಾದ ಜಾತ್ರಿ ಅದು. ನಾನು ಗದ್ದಲ, ಜಗಳ, ತೂರಾಡೋ ಮಂದಿ ಇರ್ತಾರಂತ ಸೆರಗು ಬಿಗಿ ಹಿಡ್ಕೊಂಡು ಹೋಗಿದ್ದೆ. ನೋಡಿದ್ರ ಮಂದಿ ಹುಲ್ಲಿನ ಮ್ಯಾಲೆ ಚಾಪಿ ಹಾಸಿ, ಒಂದೊಂದು ಗ್ಲಾಸ್ ಹಿಡ್ಕೊಂಡು, ಕೈಯಾಗಿನ ಪಟ್ಟಿ ಓದಿಕೋತ ಕೂತಿದ್ರು. ಥೇಟ್ ಮದುವಿ ಮನ್ಯಾಗ ಹಿರೇರು ಪಂಚಾಂಗ ನೋಡಿದಂಗ. ಬಾಗಲದಾಗ ಗ್ಲಾಸಿಗೆ ಡಿಪಾಜಿಟ್ ಇಸ್ಕೋತಾರ, ಹೋಗೋ ಮುಂದ ತಿರುಗಿ ಕೊಟ್ರ ರೊಕ್ಕ ವಾಪಸ್. ಗ್ಲಾಸಿನ ಮ್ಯಾಲೆ ಗೆರಿ ಹಾಕಿರ್ತಾರ. ಪೂರಾ ಪೈಂಟ್, ಅರ್ಧ, ಮೂರನೇ ಒಂದು ಪಾಲು ಅಂತ. ಭಾಳ ಮಂದಿ ಸಣ್ಣ ಅಳತಿನ ತಗೋತಾರ, ಯಾಕಂದ್ರ ಹತ್ತು ನಮೂನಿ ರುಚಿ ನೋಡಬೇಕಾಗಿರ್ತದ.

ಅಕ್ಕೋರು ನನ್ನನ್ನ ಕೌಂಟರಿನ ಹಿಂದ ಕರಕೊಂಡು ಹೋದ್ರು. ಅಲ್ಲೆ ಸಾಲಾಗಿ ಪೀಪಾಯಿ ಅಡ್ಡ ಮಲಗಿಸಿ ಇಟ್ಟಿದ್ರು. ಸಣ್ಣ ಪೀಪಾಯಿಗೆ ಫರ್ಕಿನ್ ಅಂತಾರ, 9 ಗ್ಯಾಲನ್ ಅಂದ್ರ 72 ಪೈಂಟ್ ಹಿಡೀತದ. ಅದರ ದುಪ್ಪಟ್ಟಿಂದು ಕಿಲ್ಡರ್‌ಕಿನ್. ಬಗ್ಗಿ ಮೂಸಿ ನೋಡಿದೆ. ಮರುದಿನದ ದ್ವಾಸಿ ಹಿಟ್ಟಿನ ವಾಸನಿ! ಹಂಗಂದಾಗ ಅಕ್ಕೋರು ಚಪ್ಪಾಳಿ ತಟ್ಟಿದ್ರು. ಎಲ್ಲಾ ಕತಿ ಅದರಾಗ ಅದ, ಅಂದ್ರು.

ಕತಿ ಏನಂದ್ರ, ರಿಯಲ್ ಏಲ್ ಅಂದ್ರ ಪೀಪಾಯಿ ಒಳಗ ಇನ್ನೂ ಹುದುಗೋದು ನಡದಿರೋ ಬೀರು. ಒಳಗಿನ ಯೀಸ್ಟ್ ಜೀವಂತ ಇರ್ತದ. ತಂದ ಮ್ಯಾಲೆ ಅಲುಗಾಡಿಸದಂಗ ಇಟ್ಟು, ಗಷ್ಟು ಕೆಳಗ ಕೂಡೋತನಕ ಕಾಯಬೇಕು. 12–13 ಡಿಗ್ರಿ ತಂಪಿನ್ಯಾಗ ಇಡಬೇಕು. ಒಂದ್ಸಲ ತೆಗೆದು ಗಾಳಿ ಹೊಕ್ತು ಅಂದ್ರ ಮೂರ್ನಾಕು ದಿನದಾಗ ಖಾಲಿ ಮಾಡಬೇಕು, ಇಲ್ಲಾಂದ್ರ ಹುಳಿ. ತಿಳಿ ಆಗಲಿಕ್ಕೆ ಮೀನಿನ ಗಾಳಿಚೀಲದಿಂದ ಮಾಡಿದ್ದೊಂದು ಅಂಟು ಹಾಕ್ತಾರಂತ. ಅದನ್ನ ಕೇಳಿ ನಾನು ಎರಡು ಹೆಜ್ಜಿ ಹಿಂದ ಸರಿದೆ. ಈಗ ಕೆಲವರು ಅದನ್ನ ಹಾಕದನ ಮಬ್ಬಾಗಿನ ಮಾರತಾರ ಅಂತ ಅಕ್ಕೋರು ಸಮಾಧಾನ ಹೇಳಿದ್ರು. ಕುಡಿಯಾಕಿ ಅಲ್ಲದಾಕಿಗೆ ಸಮಾಧಾನ ಯಾಕೋ!

ಮನಿಗೆ ಬಂದ ಮ್ಯಾಲೆ ಅಕ್ಕೋರು ಒಂದೊಂದಾಗಿ ಹಳೇ ಸಂಗತಿ ಹೇಳಿದ್ರು. ನನಗ ಮನಸಿಗೆ ನಾಟಿದ್ದು ಒಂದು. 1300ರ ಸುಮಾರಿಗೆ ಇಂಗ್ಲಂಡಿನ ಹಳ್ಳಿಯೊಳಗ ಏಲ್ ಮಾಡೋದು ಹೆಣಮಕ್ಕಳ ಅಡಗಿಮನಿ ಕೆಲಸ ಆಗಿತ್ತು. ರೊಟ್ಟಿ ಸುಟ್ಟಂಗ, ಮಜ್ಜಿಗಿ ಕಡದಂಗ. ಅದು ನಾಕು ದಿನದಾಗ ಕೆಡೋ ಪದಾರ್ಥ, ಹಿಂಗಾಗಿ ಮನಿಗೆ ಹೆಚ್ಚಾಗಿದ್ದನ್ನ ಬಾಗಲದಾಗ ಕೋಲಿಗೆ ಹಸರು ಟೊಂಗಿ ಕಟ್ಟಿ ನಿಲ್ಲಿಸಿ ಓಣಿಯವರಿಗೆ ಮಾರತಿದ್ರು. ಮುಂದ ಹಾಪ್ಸ್ ಅನ್ನೋ ಕಹಿ ಹೂವು ಸಮುದ್ರದ ಆಚೆಯಿಂದ ಬಂತು. ಅದನ್ನ ಹಾಕಿದ ಬೀರು ಭಾಳ ದಿನ ತಡೀತದ. ತಡೀತದಂದ್ರ ದೂರ ಕಳಿಸಬಹುದು, ದೊಡ್ಡ ಹಂಡೆ ಹೂಡಬಹುದು. ಬಂಡವಾಳ ಇದ್ದವರ ಕೈಗೆ ಹೋತು, ಅಂದ್ರ ಗಂಡಸರ ಕೈಗೆ. 1600 ಅನ್ನೋದ್ರಾಗ ಹೆಣಮಕ್ಕಳು ಹೊರಗ. ಮನ್ಯಾಗ ಇದ್ದಾಗ ಚಾಕರಿ, ರೊಕ್ಕ ಹುಟ್ಟಿದ ಮ್ಯಾಲೆ ಧಂದೆ. ಇದು ನಮಗೇನ ಹೊಸಾದಲ್ಲ ಬಿಡ್ರಿ.

ಜಾತ್ರಿನೂ ಹೊಸಾದಲ್ಲ. ಆಗಿನ ಕಾಲಕ್ಕ ಊರಿನ ಚರ್ಚಿನ ಛಾವಣಿ ರಿಪೇರಿಗೆ ರೊಕ್ಕ ಬೇಕಂದ್ರ ಊರವರೆಲ್ಲಾ ಕೂಡಿ ಏಲ್ ಮಾಡಿ ಮಾರತಿದ್ರು. ಅದಕ್ಕ ಚರ್ಚ್ ಏಲ್ ಅಂತಿದ್ರು. ಮದುವಿಗೆ ಮಾಡಿದ್ದು ಬ್ರೈಡ್ ಏಲ್. ಇಂಗ್ಲಿಷಿನ್ಯಾಗ ಮದುವಿ ಸೀರಿ ಒಡವಿಗೆಲ್ಲಾ ಬ್ರೈಡಲ್ ಅಂತಾರಲ್ಲ, ಆ ಶಬ್ದ ಬಂದದ್ದು ಈ ಕುಡಿಯೋ ಊಟದಿಂದ. ನಮ್ಮ ಪ್ಯಾಟ್ಯಾಗ ‘ಬ್ರೈಡಲ್ ಮೇಕಪ್’ ಅಂತ ಬೋರ್ಡ್ ಹಾಕಿದವರಿಗೆ ಇದು ಗೊತ್ತಿದ್ರ ಏನ ಮಾಡತಿದ್ರೋ.

ಇನ್ನ 1960ರ ದಶಕಕ್ಕ ಬರೋಣ. ದೊಡ್ಡ ಕಂಪನಿಗಳು ಸಣ್ಣ ಸಣ್ಣ ಬ್ರೂವರಿಗಳನ್ನ ಕೊಂಡು ಮುಚ್ಚಲಿಕ್ಕೆ ಹತ್ತಿದ್ವು. ಬೀರನ್ನ ಸೋಸಿ, ಕಾಸಿ, ಒಳಗಿನ ಜೀವ ತೆಗೆದು, ಗ್ಯಾಸ್ ತುಂಬಿ ಕೆಗ್ ಅನ್ನೋ ಡಬ್ಬ್ಯಾಗ ಹಾಕಿದ್ರ ಕೆಡೋ ಕಾಟಿಲ್ಲ, ಕಾಯೋ ಕೆಲಸಿಲ್ಲ. ವಾಟ್ನೀಸ್ ಕಂಪನಿಯ ರೆಡ್ ಬ್ಯಾರಲ್ ಅನ್ನೋದು ಇಂಥಾದ್ದರಾಗ ಹೆಸರುವಾಸಿ. ಎಲ್ಲಾ ಊರಾಗ ಒಂದ ರುಚಿ. ಅವರ ಕಡೆಯಿಂದ ನೋಡಿದ್ರ ತಪ್ಪೇನಿಲ್ಲ. ನಾನೂ ಅವಸರಕ್ಕ ಪ್ಯಾಕೆಟ್ ಹಿಟ್ಟು ತಂದೀನಿ. ಆದ್ರ ಪ್ಯಾಕೆಟ್ಟಿನದ ಉಳಿದು, ರುಬ್ಬೋದು ಹೆಂಗ ಅನ್ನೋದ ಮರೆತು ಹೋದ್ರ?

1971ರ ಮಾರ್ಚದಾಗ ಇಂಗ್ಲಂಡಿನ ನಾಕು ಮಂದಿ ಗೆಳೆಯರು – ಮೈಕೇಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್, ಬಿಲ್ ಮೆಲ್ಲರ್ – ಸೂಟಿಗೆ ಐರ್ಲಂಡಿಗೆ ಹೋಗಿದ್ರು. ಕೆರ್ರಿ ಸೀಮೆಯ ಡನ್‌ಕ್ವಿನ್ ಅನ್ನೋ ಊರಿನ ಪಬ್ಬಿನ್ಯಾಗ ಕೂತು, ನಮ್ಮೂರ ಬೀರು ಸತ್ತು ಹೊಂಟದ ಅಂತ ಮಾತಾಡಿಕೋತ ಒಂದು ಸಂಘ ಕಟ್ಟಿಬಿಟ್ರು. ಅದ ಮುಂದ 1973ರಾಗ ಕ್ಯಾಂಪೇನ್ ಫಾರ್ ರಿಯಲ್ ಏಲ್, ಗಿಡ್ಡ ಹೆಸರು ಕ್ಯಾಮ್ರಾ ಅಂತ ಆತು. ಅಂದ್ರ ಸಂಘ ಹುಟ್ಟಿದ್ದ ಒಂದು ಟ್ರಿಪ್ಪಿನ್ಯಾಗ! ಮರುವರ್ಷ ಮದಲ ಸಭಾ ನನೀಟನ್ ಅನ್ನೋ ಊರಿನ ರೋಜ್ ಇನ್ ಪಬ್ಬಿನ್ಯಾಗ ನಡೀತು. 1973ರಾಗ ಸ್ಟೋನ್ ಅನ್ನೋ ಊರಾಗ ಜೂಲ್ಸ್ ಬ್ರೂವರಿ ಮುಚ್ಚಬ್ಯಾಡ್ರಿ ಅಂತ ಮೆರವಣಿಗಿ ತಗದ್ರು. ಉಳೀಲಿಲ್ಲ, ಮರುವರ್ಷ ಮುಚ್ಚಿತು. ಆದ್ರ ಮಂದಿಗೆ ಗೊತ್ತಾತು.

ಮೆರವಣಿಗಿಗಿಂತ ಜಾತ್ರಿ ಹೆಚ್ಚು ಕೆಲಸ ಮಾಡ್ತು ಅಂತಾರ ಅಕ್ಕೋರು. ಲಂಡನ್ನಿನ ಕೋವೆಂಟ್ ಗಾರ್ಡನ್ ಹೂವಿನ ಮಾರ್ಕೆಟ್ಟು ಬ್ಯಾರೆ ಕಡೆ ಹೋಗಿ ಆ ಕಟ್ಟಡ ಖಾಲಿ ಬಿದ್ದಿತ್ತು. 1975ರ ಸೆಪ್ಟೆಂಬರದಾಗ ಅಲ್ಲೆ ಪೀಪಾಯಿ ಇಟ್ರು. 40,000 ಮಂದಿ ಬಂದ್ರಂತ, 1,50,000 ಪೈಂಟ್ ಕುಡಿದ್ರಂತ. ನಾನು ಕುಂತಲ್ಲೆ ಲೆಕ್ಕಾ ಹಾಕಿದೆ, ಒಬ್ಬೊಬ್ಬರ ಪಾಲಿಗೆ ನಾಕು ಪೈಂಟೂ ಬರಂಗಿಲ್ಲ. ನಮ್ಮ ಮಾವ ಒಬ್ಬರ ಅದನ್ನ ಮುಂಜಾನೆ ಮುಗಿಸ್ತಿದ್ರು ಅಂತ ಬಾಯಿ ತುದೀಗೆ ಬಂದಿತ್ತು, ನುಂಗಿಕೊಂಡೆ. 1977ರಿಂದ ಗ್ರೇಟ್ ಬ್ರಿಟಿಷ್ ಬೀರ್ ಫೆಸ್ಟಿವಲ್ ಅಂತ ಅಲೆಕ್ಸಾಂಡ್ರಾ ಪ್ಯಾಲೇಸಿನ್ಯಾಗ ಶುರುವಾತು. 1980ರಾಗ ಆ ಕಟ್ಟಡಕ್ಕ ಬೆಂಕಿ ಬಿತ್ತು. ಜಾತ್ರಿ ಬಿಡಲಿಲ್ಲ, ಹೊರಗ ಡೇರೆ ಹೊಡೆದು ಮಾಡಿದ್ರು.

ಎಲ್ಲಾ ಛಲೋನ ಅಂತ ಹೇಳೂದಿಲ್ಲ. ಈ ಸಂಘ ಭಾಳ ವರ್ಷ ಗಡ್ಡದ ಗಂಡಸರ ಕೂಟ ಅಂತನ ಹೆಸರಾಗಿತ್ತು. ಹೆಣಮಕ್ಕಳ ಮ್ಯಾಲೆ ಹಲ್ಕಾ ಹೆಸರು, ಹಲ್ಕಾ ಚಿತ್ರ ಹಾಕಿದ ಬೀರನ್ನ ಆ ದೊಡ್ಡ ಜಾತ್ರ್ಯಾಗ ಇಡಬಾರದು ಅಂತ ನಿಷೇಧ ಹಾಕಿದ್ದು 2019ರಾಗ. ಹುಟ್ಟಿದ 48 ವರ್ಷಕ್ಕ! ಹೆಣಮಕ್ಕಳ ಕೈಯಿಂದ ಹೋದ ಪದಾರ್ಥಕ್ಕ ಹೆಣಮಕ್ಕಳ ಮರ್ಯಾದಿ ನೆನಪಾಗಲಿಕ್ಕೆ ಇಷ್ಟು ಹೊತ್ತು.

ಜಾತ್ರಿ ವರ್ಷಕ್ಕೊಮ್ಮೆ, ಆದ್ರ ಸಂಘ ಉಳಿದದ್ದು ತಿಂಗಳ ತಿರುಗಾಟದಿಂದ. ಊರೂರಿಗೆ ಒಂದೊಂದು ಶಾಖಾ. ತಿಂಗಳಿಗೊಂದು ಸಭಾ, ಪ್ರತಿ ಸಲ ಬ್ಯಾರೆ ಪಬ್ಬು. ಬ್ಯಾಸಗ್ಯಾಗ ನಡಕೋತ ಹೋಗೋದು, ಬಸ್ಸಿಲ್ಲದ ಹಳ್ಳಿಗೆ ಮಿನಿಬಸ್ ಮಾಡ್ಕೊಂಡು ಹೋಗೋದು, ಬ್ರೂವರಿ ನೋಡಿ ಬರೋದು. ಹೋದಲ್ಲೆ ಬೀರಿಗೆ ಸೊನ್ನಿಯಿಂದ ಐದರ ತನಕ ಮಾರ್ಕ್ಸ್ ಹಾಕ್ತಾರ. ಆ ಮಾರ್ಕ್ಸ್ ನೋಡಿ ಗುಡ್ ಬೀರ್ ಗೈಡ್ ಅನ್ನೋ ಪುಸ್ತಕದಾಗ ಯಾವ ಪಬ್ ಹಾಕೋದು ಅಂತ ಶಾಖಾದವರು ಆರಿಸ್ತಾರ. ರೊಕ್ಕ ಕೊಟ್ಟು ಹೆಸರು ಹಾಕಿಸಿಕೊಳ್ಳಲಿಕ್ಕೆ ಬರಂಗಿಲ್ಲ. ಸಾಲಿ ಕಲಿಸಿದವರ ಕೈಯಾಗ ಮಾರ್ಕ್ಸ್ ಕೊಟ್ರ ಕೇಳಬೇಕಾ? ಅಕ್ಕೋರು ಐದು ಕೊಟ್ಟದ್ದು ಇಲ್ಲೀತನಕ ಎರಡ ಸಲ ಅಂತ.

ಹಳ್ಳಿ ಪಬ್ ಅಂದ್ರ ಬರೇ ಕುಡಿಯೋ ಅಂಗಡಿ ಅಲ್ಲ, ನಮ್ಮ ಊರ ಕಟ್ಟಿ ಇದ್ದಂಗ ಅನ್ನೋದು ನನಗ ಆಮ್ಯಾಲೆ ತಿಳೀತು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಊರವರು 2003ರಾಗ ತಮ್ಮೂರ ಓಲ್ಡ್ ಕ್ರೌನ್ ಪಬ್ಬನ್ನ ಎಲ್ಲಾರೂ ಪಾಲು ಹಾಕಿ ತಾವ ಕೊಂಡ್ರು, ಸೊಸೈಟಿ ಮಾಡಿ.

ಅಕ್ಕೋರ ಯಜಮಾನರು ತೀರಿಕೊಂಡು ಐದು ವರ್ಷ ಆತು. ಇಬ್ಬರೂ ಕೂಡೇ ಸಂಘಕ್ಕ ಸೇರಿದವರಂತ. ಅವರು ಹೋದ ಮ್ಯಾಲೆ ಇವರು ಎರಡು ಚಳಿಗಾಲ ಬಾಗಲಾ ತೆರೀಲಿಲ್ಲ. ಮಗ ಆಸ್ಟ್ರೇಲಿಯಾದಾಗ. ಶಾಖಾದ ಮಿನಿಬಸ್ಸು ಮಾತ್ರ ತಿಂಗಳಿಗೊಮ್ಮೆ ಬಂದು ಮನಿ ಮುಂದ ಹತ್ತು ನಿಮಿಷ ನಿಲ್ಲತಿತ್ತಂತ. ಹಾರ್ನ್ ಹಾಕತಿದ್ದಿಲ್ಲ. ನಿಂತು, ಹೋಗತಿತ್ತು. ಮೂರನೇ ವರ್ಷ ಇವರು ಕೋಟು ಹಾಕ್ಕೊಂಡು ಹೊರಗ ಬಂದ್ರು.

ನಾನು ತಿರುಗಿ ಬರೋ ಮುಂದಿನ ವಾರ ಆ ಬಸ್ಸಿನ್ಯಾಗ ನನ್ನನ್ನೂ ಕೂಡಿಸಿಕೊಂಡು ಹೋಗಿದ್ರು. ಗ್ವಾದಿ ಹೊಲದ ನಡುವ ಒಂದು ಸಣ್ಣ ಪಬ್ಬು, ನಾನು ಲೆಮನೇಡ್ ಕುಡಿದೆ. ಅಕ್ಕೋರು ಅರ್ಧ ಪೈಂಟ್ ತಗೊಂಡು, ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದು ಗುಟುಕು ಕುಡಿದು, ಚೀಟಿ ಮ್ಯಾಲೆ ಮೂರೂವರೆ ಅಂತ ಬರದ್ರು.

ಆವತ್ತ ರಾತ್ರಿ ಅವ್ವ ಫೋನ್ ಮಾಡಿದ್ಲು. ಬಾಜೂಕ ಯಾರದಾರ, ಅಂದ್ಲು. ಒಬ್ಬ ಅಕ್ಕೋರು ಅದಾರ, ಒಬ್ಬರ ಇರ್ತಾರ, ಅಂದೆ. ಅಯ್ಯ ಪಾಪ, ಹೊತ್ತು ಹೆಂಗ ಕಳೀತಾರವಾ, ಅಂದ್ಲು. ಊರವರೆಲ್ಲಾ ಕೂಡಿ ಜಾತ್ರಿ ಮಾಡತಾರ, ಅದರ ಸೇವಾ ಇವರದು, ಅಂದೆ.

‘ಯಾವ ದೇವರದ?’ ಅಂದ್ಲು.

ಕೂಸು ಎದ್ದದ, ನಾಳೆ ಮಾತಾಡತೀನಿ ಅಂತ ಫೋನ್ ಇಟ್ಟೆ.