ಬೆಕ್ಕಿನ ಕೂದಲಾ: ಸಗಣಿ ನೆಲದಿಂದ ಸೋಫಾದ ತನಕಾ

ಈ ಮಳಗಾಲದಾಗ ಮೂರು ಮಂದಿ ನನಗ ಒಂದ ಪ್ರಶ್ನೆ ಕೇಳಿದ್ರು. ಮನ್ಯಾಗ ಎಲ್ಲೆ ನೋಡಿದ್ರ ಅಲ್ಲೆ ಬೆಕ್ಕಿನ ಕೂದಲಾ. ಸೋಫಾದ ಮ್ಯಾಲೆ, ಹಾಸಿಗಿ ಮ್ಯಾಲೆ, ಇಸ್ತ್ರಿ ಮಾಡಿಟ್ಟ ಸೀರಿ ಮ್ಯಾಲೆ, ಒಮ್ಮೊಮ್ಮೆ ಸಾರಿನ್ಯಾಗೂ. ಏನ ಮಾಡಬೇಕು? ಅದರಾಗ ಒಬ್ಬಾಕಿದು ಇನ್ನೂ ದೊಡ್ಡ ಚಿಂತಿ. ಮೊಮ್ಮಗಗ ಉಬ್ಬಸ ಶುರು ಆಗ್ಯದ, ಮನಿಯವ್ರು ಬೆಕ್ಕನ್ನ ಚೀಲದಾಗ ಹಾಕಿ ಊರ ಹೊರಗ ಬಿಟ್ಟು ಬರತೇನಿ ಅನ್ನಲಿಕ್ಹತ್ಯಾರ, ಬಿಡೋದೋ ಬ್ಯಾಡೋ ನೀವ ಹೇಳ್ರಿ ವೈನಿ ಅಂದ್ಲು.

ಚೀಲದ ಮಾತು ಬಂದ ಮ್ಯಾಲೆ ಫೋನಿನ್ಯಾಗ ಎರಡು ಮಾತು ಹೇಳಿ ಮುಗಸಲಿಕ್ಕೆ ನನಗ ಮನಸಾಗಲಿಲ್ಲ. ಬೆಕ್ಕಿನ ಕೂದಲಾ ಇವತ್ತು ನಿನ್ನೆ ಉದುರಲಿಕ್ಕೆ ಶುರು ಆಗಿದ್ದಲ್ಲ. ನಮ್ಮ ಅಜ್ಜಿ ಮನ್ಯಾಗ ಯಾವಾಗ ನೋಡಿದ್ರೂ ಮೂರ ನಾಕು ಬೆಕ್ಕು ಇರತಿದ್ವು. ಹಾಲಿನ್ಯಾಗ ಕೂದಲಾ ಬೀಳಬಾರದು ಅಂತ ನೆಲುವಿಗೆ ಇಡತಿದ್ದರ ಹೊರತು, ಮನಿ ತುಂಬ ಕೂದಲಾ ಆತು ಅಂತ ಯಾರೂ ಅಂದದ್ದು ಕೇಳಿಲ್ಲ. ಹಂಗಾರ ನಡುವ ಏನು ಬದಲಾತು? ಬೆಕ್ಕು ಬದಲಾತೋ, ಮನಿ ಬದಲಾತೋ?

ಮೊದಲ ಬೆಕ್ಕು ನಮ್ಮ ಕಡೆ ಯಾಕ ಬಂತು ನೋಡ್ರಿ. ಸೈಪ್ರಸ್ ಅಂತ ಒಂದು ದ್ವೀಪ ಅದ. ಅಲ್ಲೆ ಸುಮಾರು 9500 ವರ್ಷದ ಹಿಂದಿನ ಗೋರಿಯೊಳಗ ಮನುಷ್ಯಾನ ಬಾಜೂಕ ಒಂದು ಬೆಕ್ಕನ್ನ ಹೂಳಿದ್ದು ಸಿಕ್ಕದ. ಆ ದ್ವೀಪದಾಗ ಬೆಕ್ಕು ತಾನಾಗಿ ಹುಟ್ಟೋ ಪ್ರಾಣಿ ಅಲ್ಲ. ಅಂದ್ರ ಯಾರೋ ನಾವಿಯೊಳಗ ಕೂಡಿಸ್ಕೊಂಡು ಬಂದಾರ. ಮನುಷ್ಯಾ ಬಿತ್ತಿ ಬೆಳದು ಕಾಳು ಕೂಡಿಡಲಿಕ್ಕೆ ಹತ್ತಿದ, ಕಾಳಿಗೆ ಇಲಿ ಬಂತು, ಇಲಿ ಹಿಂದ ಬೆಕ್ಕು ಬಂತು. ಯಾರೂ ಹಿಡದು ಪಳಗಿಸಲಿಲ್ಲ, ತಾನ ಬಂದು ಕೂತದ್ದು.

ನಮ್ಮ ಕಡೆನೂ ಹಗೇವು, ಕಣಜ, ಜೋಳದ ಚೀಲ ಇದ್ದ ಮನಿಗೆಲ್ಲಾ ಬೆಕ್ಕು ಬೇಕ ಬೇಕಾಗಿತ್ತು. ಇಲಿ ಅಂದ್ರ ಬರೀ ಕಾಳಿನ ನಷ್ಟ ಅಲ್ಲ. 1896ರಾಗ ಮುಂಬಯಿಗೆ ಪ್ಲೇಗ ಬಂತು, 1898ಕ್ಕ ಹುಬ್ಬಳ್ಳಿ ಧಾರವಾಡಕ್ಕೂ ಮುಟ್ಟಿತು. ಹುಬ್ಬಳ್ಳ್ಯಾಗ ಹಾಫ್ಕಿನ್ ಕಂಡುಹಿಡದ ಪ್ಲೇಗಿನ ಲಸಿ ಸಾವಿರಗಟ್ಟಲೆ ಮಂದಿಗೆ ಹಾಕಿದ್ರು. ಮಂದಿ ಮನಿ ಬಿಟ್ಟು ಊರ ಹೊರಗ ಗುಡಸಲಾ ಹಾಕ್ಕೊಂಡು ಇದ್ದ ಕಾಲ ಅದು. 1908ರಾಗ ನಾಗಪುರದ ಕಡೆ ಇದ್ದ ಬುಕಾನನ್ ಅನ್ನೋ ಇಂಗ್ರಜಿ ಡಾಕ್ಟರ ಒಂದು ಲೇಖನಾನ ಬರದ, ಬೆಕ್ಕು ಸಾಕಿದ ಹಳ್ಳಿಯೊಳಗ ಪ್ಲೇಗ ಕಡಿಮಿ, ಎಲ್ಲಾರೂ ಬೆಕ್ಕು ಸಾಕ್ರಿ ಅಂತ. ಅಂಥಾ ದಿನದಾಗ ಬೆಕ್ಕಿನ ಕೂದಲಾ ಯಾರು ಎಣಸ್ತಾರ ಹೇಳ್ರಿ?

ಆದ್ರ ಎಣಸದ ಇರಲಿಕ್ಕೆ ಇನ್ನೊಂದು ಕಾರಣ ಕಾಲ ಕೆಳಗ ಇತ್ತು. ನೆಲಾ. ಅದರ ಕಥಿ ಹೇಳಬೇಕಂದ್ರ ಒಬ್ಬ ಪರದೇಶಿ ಮನುಷ್ಯಾನ್ನ ಕರಕೊಂಡು ಬರಬೇಕು.

ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ಇಟಲಿಯ ರೋಮ್ ಊರಿನ ಶ್ರೀಮಂತರ ಮಗಾ. ದೇಶ ತಿರಗೋದ ಅವನ ಉದ್ಯೋಗ. ಪರ್ಶಿಯಾದೊಳಗ ಭಾಳ ದಿನಾ ಇದ್ದ. 1620ರಾಗ ಅಲ್ಲಿಂದ ಬರದ ಪತ್ರದಾಗ ಖೊರಾಸಾನ ಸೀಮಿಯ ಬೆಕ್ಕಿನ ವರ್ಣನಾ ಅದ. ಬೂದಿ ಬಣ್ಣದ್ದು, ಮೈಮ್ಯಾಲಿನ ಕೂದಲಾ ರೇಶಮಿ ಹಂಗ ನುಣುಪು ಮತ್ತ ಉದ್ದ, ಬಾಲ ಅಂತೂ ದೊಡ್ಡ ಕುಚ್ಚಿನ ಹಂಗ ಅಂತ. ಇದರ ಜೋಡಿ ನಮ್ಮ ರೋಮಿಗೆ ಒಯ್ಯಬೇಕು ಅನ್ನೋ ಆಶಾನೂ ಬರಕೊಂಡಾನ. ಉದ್ದ ಕೂದಲಿನ ಬೆಕ್ಕಿನ ಚರಿತ್ರಾ ಹೇಳೋವ್ರು ಇವತ್ತಿಗೂ ಮೊದಲ ಇವನ ಹೆಸರ ತಗೀತಾರ.

ಅದ ಮನುಷ್ಯಾ 1623ರಾಗ ನಮ್ಮ ನಾಡಿಗೆ ಬಂದ! ಗೋವಾದಿಂದ ಪೋರ್ತುಗೀಜರ ರಾಯಭಾರಿ ಜೋಡಿ ಗೇರುಸೊಪ್ಪಿ ದಾರಿ ಹಿಡದು ಘಟ್ಟಾ ಹತ್ತಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ದರ್ಬಾರ ನೋಡಿದ. ಆ ದಾರಿಯೊಳಗ ಅವನ ಕಣ್ಣಿಗೆ ಬಿದ್ದದ್ದು ಸಗಣಿ ಸಾರಿಸಿದ ನೆಲಾ. ಮೊದಲ ಇದೇನೋ ಮೂಢನಂಬಿಕಿ ಅಂದ್ಕೊಂಡಿದ್ದನಂತ. ಆಮ್ಯಾಲೆ ಹೆಂಗ ಮಾಡತಾರ ಅಂತ ನಿಂತು ನೋಡಿ, ಸಗಣಿ ನೀರಾಗ ಕಲಿಸಿ ಎಳದ್ರ ನೆಲಾ ಎಷ್ಟು ನುಣುಪು, ಎಷ್ಟು ಸ್ವಚ್ಛ ಆಗತದ ಅಂತ ಮೆಚ್ಚಿ ಬರದಾನ. ಪ್ಲೇಗಿಗೂ ಇದು ಛಲೋ ಅಂತ ಮಂದಿ ಹೇಳತಾರ, ಇಟಲಿಗೆ ಹೋದ ಮ್ಯಾಲೆ ನಾನೂ ಮಾಡಿ ನೋಡಬೇಕು ಅಂತಾನ. ಪ್ಲೇಗಿನ ಮಾತು ಅವನು ಕೇಳಿದ್ದು, ಅದನ್ನ ನಾ ಒಪ್ಪಿ ಹೇಳಲಿಕ್ಹತ್ತಿಲ್ಲ. (ಇವನ ಹೆಂಡ್ತಿ ಪರ್ಶಿಯಾದಾಗ ತೀರಕೊಂಡ್ಲು. ಆಕಿ ಶವಾ ಕೆಡದ ಹಂಗ ಔಷಧ ಹಚ್ಚಿ, ಪೆಟಗಿಯೊಳಗ ಇಟ್ಟು, ನಮ್ಮ ದೇಶದ ದಾರೀಲೆನ ರೋಮಿಗೆ ಒಯ್ದು ಮಣ್ಣು ಮಾಡಿದ. ಗಂಡಸರೊಳಗ ಇಂಥಾವ್ರೂ ಇರತಾರ ನೋಡ್ರಿ.)

ಉದ್ದ ಕೂದಲಿನ ಬೆಕ್ಕು ಮತ್ತ ನಮ್ಮ ಸಗಣಿ ನೆಲಾ, ಎರಡನ್ನೂ ಮೆಚ್ಚಿ ಬರದಾಂವ ಒಬ್ಬನ. ಅವೆರಡನ್ನೂ ಒಂದ ಮನ್ಯಾಗ ಇಟ್ಟು ನೋಡಿದ್ದರ ಅವನಿಗೆ ಇನ್ನೂ ಒಂದು ಸಂಗತಿ ತಿಳೀತಿತ್ತು. ಹಸಿ ಕೈಯಿಂದ ಸಾರಿಸೋ ಮುಂದ ಕೂದಲಾ, ಧೂಳಿ ಎಲ್ಲಾ ಆ ಸಗಣ್ಯಾಗ ಹತ್ತಿಕೊಂಡು ಬಿಡತದ, ಗಾಳ್ಯಾಗ ಹಾರಂಗಿಲ್ಲ. ಮುಂದ ಶಹಾಬಾದ ಫರಸಿ ಬಂತು, ಕಾವಿ ನೆಲಾ ಬಂತು. ಅವನ್ನೂ ನೀರು ಚಿಮುಕಿಸಿ ಕಸಾ ಹೊಡದು, ಹಸಿ ಅರಬಿಲೆ ಒರಸತಿದ್ವಿ. ಕೂಡಲಿಕ್ಕೆ ಚಾಪಿ, ಮಣಿ. ಹೊದಿಲಿಕ್ಕೆ ಕೌದಿ, ಅದನ್ನ ಬಿಸಲಿಗೆ ಹಾಕಿ ಕೋಲಿಲೆ ಬಡದ್ರ ಮುಗೀತು. ಬೆಕ್ಕು ಅಟ್ಟದ ಮ್ಯಾಲೋ, ಒಲಿ ಮುಂದಿನ ಬೆಚ್ಚನ ಬೂದ್ಯಾಗೋ ಮಲಗತಿತ್ತು. ಕೂದಲಾ ಅವತ್ತೂ ಉದರತಿದ್ವು, ಅವಕ್ಕ ಹತ್ತಿ ಕೂಡಲಿಕ್ಕೆ ಜಾಗಾ ಇರಲಿಲ್ಲ ಅಷ್ಟ.

ಇನ್ನ ಚಳಿ ದೇಶದ ಕಥಿ. ಅಲ್ಲೆ ನೆಲದ ತುಂಬ ಉಣ್ಣಿ ಗಾಲಿಚಾ, ಖಿಡಕಿ ಮುಚ್ಚಿದ್ದು. ಗಾಲಿಚಾ ಒಣಾ ಗುಡಸಿದ್ರ ಧೂಳಿ ಮುಖಕ್ಕ ಬರತದಂತ ಅಲ್ಲಿಯ ಹೆಣ್ಣಮಕ್ಕಳು ಕುದಿಸಿ ಉಳದ ಚಹಾಪುಡಿ ಹಸೀದನ್ನ ಚೆಲ್ಲಿ ಗುಡಸತಿದ್ರು. 1861ರಾಗ ಬಂದ ಮಿಸೆಸ್ ಬೀಟನ್ ಅವರ ಮನಿವಾರ್ತೆ ಪುಸ್ತಕದಾಗೂ ಈ ಉಪಾಯ ಅದ. ನಾವು ನೀರು ಚಿಮುಕಸೋದೂ ಅವರು ಚಹಾಪುಡಿ ಚೆಲ್ಲೋದೂ ಒಂದ.

ಆಮ್ಯಾಲೆ ಯಂತ್ರ ಬಂದ್ವು. ಅಮೇರಿಕಾದ ಗ್ರ್ಯಾಂಡ್ ರಾಪಿಡ್ಸ್ ಅನ್ನೋ ಊರಾಗ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟಿದ್ದ ಬಿಸೆಲ್ ಗಂಡಾ ಹೆಂಡ್ತಿ, ಗಾಲಿಚಾ ಮ್ಯಾಲೆ ಉರುಳಸೋ ಬ್ರಶ್ಶಿನ ಡಬ್ಬಿ ಮಾಡಿ 1876ರಾಗ ಪೇಟೆಂಟ್ ತಗೊಂಡ್ರು. 1889ರಾಗ ಗಂಡಾ ತೀರಕೊಂಡ ಮ್ಯಾಲೆ ಆನ್ನಾ ಬಿಸೆಲ್ ಮಕ್ಕಳನ್ನೂ ನೋಡಿಕೊಂಡು ಕಂಪನಿನೂ ನಡಸಿದ್ಲು. 1901ರಾಗ ಲಂಡನ್ನಿನ ಬೂತ್ ಅನ್ನೋ ಇಂಜಿನಿಯರ್ ಧೂಳಿ ಊದೋದು ಬಿಟ್ಟು ಹೀರೋ ಯಂತ್ರ ಮಾಡಿದ. ಬಾಯಿಗೆ ಕರವಸ್ತ್ರ ಇಟ್ಕೊಂಡು ಖುರ್ಚಿ ಗಾದಿಗೆ ಬಾಯಿ ಹಚ್ಚಿ ಜಗ್ಗಿ ನೋಡಿದ್ದನಂತ! ಆ ಯಂತ್ರ ಎಷ್ಟು ದೊಡ್ಡದಂದ್ರ ಕುದರಿ ಗಾಡಿ ಮ್ಯಾಲೆ ಬಂದು ಓಣ್ಯಾಗ ನಿಂದರತಿತ್ತು, ಖಿಡಕಿಯಿಂದ ಉದ್ದನ ಪೈಪ ಒಳಗ ಬಿಡತಿದ್ರು.

ನನಗ ಇವರೆಲ್ಲಾರಕಿಂತ ಹತ್ತರದವ ಅನಸೋದು ಸ್ಪ್ಯಾಂಗ್ಲರ್. ಓಹಾಯೊದ ಕ್ಯಾಂಟನ್ ಊರಾಗ ಒಂದು ದೊಡ್ಡ ಅಂಗಡಿ ಕಸಾ ಹೊಡಿಯೋ ಕೆಲಸ ಅವಂದು. ಅಸ್ತಮಾ ಮನುಷ್ಯಾ. ದಿನಾ ಕಸಾ ಹೊಡದ್ರ ದಿನಾ ದಮ್ಮು. ಕಡೀಕ ಫ್ಯಾನಿನ ಮೋಟಾರು, ಕಸಬರಿಗಿ ಕೋಲು, ದಿಂಬಿನ ಚೀಲ ಕೂಡಿಸಿ ಕೈಯಾಗ ಹಿಡಿಯೋ ಯಂತ್ರ ಮಾಡಿ 1908ರಾಗ ಪೇಟೆಂಟ್ ತಗೊಂಡ. ಅದನ್ನ ಮನ್ಯಾಗ ಬಳಸಿ ಮೆಚ್ಚಿದಾಕಿ ಸುಸಾನ್ ಹೂವರ್, ಕೊಂಡಾಂವ ಆಕಿ ಗಂಡಾ. ಹೆಸರು ಹೂವರ್ ಅಂತ ಉಳೀತು, ದಮ್ಮು ಹತ್ತಿದವನ ಹೆಸರು ಯಾರಿಗೂ ನೆನಪಿಲ್ಲ. ಬಟ್ಟಿ ಮ್ಯಾಲಿನ ಕೂದಲಾ ತಗಿಯೋ ಅಂಟಿನ ರೋಲರೂ 1956ರಾಗ ಅಮೇರಿಕಾದ ಒಂದು ಮನ್ಯಾಗನ ಹುಟ್ಟಿದ್ದು. ಹಾಳಿ ಕೊಳವಿಗೆ ಅಂಟಿನ ಪಟ್ಟಿ ತಿರುವಿ ಸುತ್ತಿ ಮಾಡಿದ್ದು.

ನಮ್ಮ ದೇಶದಾಗ 1982ರಿಂದ ಯುರೇಕಾ ಫೋರ್ಬ್ಸ್ ಹುಡುಗರು ಟೈ ಕಟಗೊಂಡು ಮನಿ ಮನಿ ಬಾಗಲಾ ಬಡದು ವ್ಯಾಕ್ಯೂಮ್ ಕ್ಲೀನರ್ ತೋರಸಲಿಕ್ಕೆ ಹತ್ತಿದ್ರು. ಅದರ ಹಿಂದ ಮುಂದನ ಸೋಫಾ ಬಂತು, ಪಡದೆ ಬಂತು, ಫೋಮಿನ ಗಾದಿ ಬಂತು, ಸೊಳ್ಳಿ ಸಲವಾಗಿ ಖಿಡಕಿ ಮುಚ್ಚಿದ್ವಿ. ಬೆಕ್ಕೂ ಅಟ್ಟಾ ಇಳದು ಗಾದಿ ಮ್ಯಾಲೆ ಬಂತು. ಈಗ ಹುಡುಗ್ರು ಪರ್ಶಿಯನ್ ಬೆಕ್ಕು ಅಂತ ತರತಾರ. 1871ರಾಗ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ್ಯಾಗ ದೊಡ್ಡ ಬೆಕ್ಕಿನ ಪ್ರದರ್ಶನ ಆದ ಮ್ಯಾಲೆ ಇಂಥಾ ಜಾತಿ ಬೆಕ್ಕಿನ ಹುಚ್ಚು ಬೆಳೀತು. ಅಂದಹಂಗ, 2008ರಾಗ ಬೆಕ್ಕಿನ ಡಿಎನ್‌ಎ ಪರೀಕ್ಷಾ ಮಾಡಿದವ್ರು ಈಗಿನ ಪರ್ಶಿಯನ್ ಬೆಕ್ಕಿನ ನೆಂಟಸ್ತಿಕಿ ಯುರೋಪಿನ ಬೆಕ್ಕಿನ ಜೋಡಿನ ಹೆಚ್ಚದ ಅಂದ್ರು. ಹೆಸರು ತವರಮನೀದು, ರಕ್ತ ಬ್ಯಾರೇದು.

ಕೂದಲಾ ಯಾವಾಗ ಉದರಬೇಕು ಅನ್ನೋದನ್ನ ಬೆಕ್ಕಿನ ಮೈ ಹಗಲಿನ ಉದ್ದಾ ನೋಡಿ ತಿಳಕೋತದ. ಚಳಿ ದೇಶದಾಗ ಹಗಲು ಭಾಳ ಹೆಚ್ಚು ಕಡಿಮಿ ಆಗತದ, ಹಂಗಾಗಿ ಅಲ್ಲೆ ವರ್ಷಕ್ಕ ಎರಡು ಸಲ ರಾಶಿ ಉದರತಾವ. ನಮ್ಮ ಧಾರವಾಡದಾಗ ಡಿಸೆಂಬರಿನ ಹಗಲು 11 ತಾಸಿನ ಮ್ಯಾಲೆ ಸ್ವಲ್ಪ, ಜೂನದ್ದು 13 ತಾಸು. ಫರಕ ಕಡಿಮಿ. ಮ್ಯಾಲೆ ರಾತ್ರಿ ಹನ್ನೊಂದರ ತನಕಾ ಲೈಟು. ಮನಿ ಒಳಗ ಇರೋ ಬೆಕ್ಕು ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉದರಸ್ತದ.

ಇನ್ನ ಉಬ್ಬಸದ ಮಾತು. ಬೆಕ್ಕಿನ ಕೂದಲಾ ಹೊಟ್ಟಿಗೆ ಹೋದ್ರ ದಮ್ಮು ಬರತದ ಅಂತ ಹಿರಿಯರು ಹೆದರಸತಿದ್ರು. ಬೆಕ್ಕಿನಿಂದ ದಮ್ಮು ಬರತದ ಅನ್ನೋದು ಖರೆ, ಕೂದಲಿನಿಂದ ಅನ್ನೋದು ಖರೆ ಅಲ್ಲ. 1974ರಾಗ ಅಮೇರಿಕಾದ ಡಾಕ್ಟರರು ಬೆಕ್ಕಿನಿಂದ ಅಲರ್ಜಿ ತರೋ ಮುಖ್ಯ ವಸ್ತು ಬ್ಯಾರೆ ಮಾಡಿ ತೋರಿಸಿದ್ರು. ಅದೊಂದು ಪ್ರೋಟೀನು. ಬೆಕ್ಕಿನ ಜೊಲ್ಲಿನ್ಯಾಗ, ಚರ್ಮದ ಜಿಡ್ಡಿನ್ಯಾಗ ಇರತದ. ಬೆಕ್ಕು ದಿನಾ ಮೈ ನೆಕ್ಕೋದರಿಂದ ಕೂದಲಿಗೆ ಹತ್ತತದ, ಒಣಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಆಗಿ ಗಾಳ್ಯಾಗ ತೇಲತದ, ಗೋಡಿಗೆ, ಗಾದಿಗೆ ಅಂಟತದ. ಕೂದಲಾ ಬರೀ ಹೊತ್ತು ತರೋ ಹಮಾಲ. ಅದಕ್ಕ ಸೋಫಾದ ಮ್ಯಾಲೆ ಒಂದೂ ಕೂದಲಾ ಕಾಣದಿದ್ರೂ ಕೂಸಿಗೆ ಸೀನು ಬರಬಹುದು. ಬೆಕ್ಕನ್ನ ಇವತ್ತು ಬಿಟ್ಟು ಬಂದ್ರೂ ಆ ಪುಡಿ ಮನ್ಯಾಗ ತಿಂಗಳಗಟ್ಟಲೆ ಇರತದ.

ಬಸರ ಹೆಣ್ಣಮಕ್ಕಳಿಗೆ ಬೆಕ್ಕಿನ ಕೂದಲಾ ಆಗಂಗಿಲ್ಲ ಅನ್ನೋದೂ ಹಿಂಗ. ಅಲ್ಲೆ ಭಯ ಇರೋದು ಕೂದಲಿನ್ಯಾಗ ಅಲ್ಲ, ಹೇಲಿನ್ಯಾಗ ಬರೋ ಟಾಕ್ಸೊಪ್ಲಾಸ್ಮಾ ಅನ್ನೋ ಜೀವಾಣುವಿಂದು. 1970ರ ಸುಮಾರಿಗೆ ಅದು ಗೊತ್ತಾತು. ಬಸರಿ ಇದ್ದಾಗ ಬೆಕ್ಕಿನ ಡಬ್ಬಿ ಮನ್ಯಾಗ ಬ್ಯಾರೆಯವ್ರು ದಿನಾ ಸ್ವಚ್ಛ ಮಾಡಲಿ. ಗಂಡಸರು ಮಾಡಿದ್ರ ಕೈ ಏನ ಸವಿಯಂಗಿಲ್ಲ.

ನಾ ಮಾಡೋದು ಅಜ್ಜಿ ಪದ್ಧತಿನ. ಒಣಾ ಕಸಬರಿಗಿ ಸೋಫಾಕ್ಕ, ಗಾದಿಗೆ ಮುಟ್ಟಸಂಗಿಲ್ಲ. ಪಾತ್ರಿ ತಿಕ್ಕೋ ರಬ್ಬರಿನ ಕೈಚೀಲ ನೀರಾಗ ಅದ್ದಿ ಝಾಡಿಸಿ, ಸೋಫಾದ ಮ್ಯಾಲೆ ಒಂದ ದಿಕ್ಕಿಗೆ ಎಳೀತೇನಿ. ಕೂದಲಾ ಹಗ್ಗದ ಹಂಗ ಸುತ್ತಿಕೊಂಡು ಬರತಾವ. ನೆಲಾ ಹಸಿ ಅರಬಿಲೆ ಒರಸೋದು. ಬೆಕ್ಕು ಮಲಗೋ ಜಾಗಾಕ್ಕ ಒಂದು ಹಳೆ ಹತ್ತಿ ಸೀರಿ ಮಡಚಿ ಹಾಕಿ ವಾರಕ್ಕೊಮ್ಮೆ ಒಗಿಯೋದು. ಬೆಕ್ಕಿಗೆ ಹಣಗಿ ಹಾಕೋದು ಹಿತ್ತಲ ಕಟ್ಟಿ ಮ್ಯಾಲೆನ, ಒಳಗಲ್ಲ. ಉಬ್ಬಸ ಇದ್ದವ್ರು ಆ ಕೆಲಸ ಮಾಡಬಾರದು.

ಚೀಲದ ಮಾತು ಕೇಳಿದಾಕಿಗೆ ನಾ ಹೇಳಿದ್ದು ಇಷ್ಟ. ಮೊದಲ ಕೂಸನ್ನ ಡಾಕ್ಟರ ಹತ್ತರ ಕರಕೊಂಡು ಹೋಗ್ರಿ. ಚರ್ಮದ ಮ್ಯಾಲೆ ಚುಚ್ಚಿ ಮಾಡೋ ಅಲರ್ಜಿ ಪರೀಕ್ಷಾ ಅದ. ನಮ್ಮ ಓಣಿ ತುಂಬ ಕಾಂಗ್ರೆಸ್ ಕಸಾ ಬೆಳದದ, ಗಾದಿಯೊಳಗ ಧೂಳಿನ ಸಣ್ಣ ಹುಳಾ ಇರತಾವ, ಅವೂ ದಮ್ಮು ತರಬಹುದು. ಪರೀಕ್ಷಾದಾಗ ಬೆಕ್ಕಿಂದ ಅಂತ ಬಂದು, ಔಷಧಕ್ಕೂ ಕಡಿಮಿ ಆಗಲಿಲ್ಲಂದ್ರ ಕೂಸಿನ ಉಸರ ದೊಡ್ಡದು, ಅದರಾಗ ಎರಡು ಮಾತಿಲ್ಲ. ಅಲ್ಲೀತನಕಾ ಬೆಕ್ಕು ಕೂಸು ಮಲಗೋ ಖೋಲಿಗೆ ಹೋಗೋದು ಬ್ಯಾಡ. ಬಿಡೋದ ಆದ್ರ ಚೀಲದಾಗ ಹಾಕಿ ಹೊಲದಾಗ ಬಿಡಬ್ಯಾಡ್ರಿ, ನಮ್ಮ ಮನಿಗೆ ತಂದು ಕೊಡ್ರಿ, ಹಿತ್ತಲಾಗ ಜಾಗಾ ಅದ ಅಂದೆ. ಪರೀಕ್ಷಾ ಬರೋ ಮಂಗಳವಾರ ಅದಂತ.