ಶಿಫಾರಸು ಪತ್ರ (ಎಂಬಿಎ ಪ್ರವೇಶ)

ಎಂಬಿಎಗೆ ಅರ್ಜಿ ಹಾಕಿದವರ ಕೆಲಸವನ್ನು ಹತ್ತಿರದಿಂದ ಕಂಡವರು ಬಿಸಿನೆಸ್ ಸ್ಕೂಲಿಗೆ ಗೋಪ್ಯವಾಗಿ, ನೇರವಾಗಿ ಬರೆದು ಕಳಿಸುವ ಅಭಿಪ್ರಾಯ. ಅಮೆರಿಕದ ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ವಾರ್ಟನ್ ಮತ್ತು ಫ್ರಾನ್ಸಿನ ಇನ್ಸಿಯಾಡ್ ಇಂಥ 2 ಪತ್ರಗಳನ್ನು ಕೇಳುತ್ತವೆ. ಹೈದರಾಬಾದಿನ ಐಎಸ್‌ಬಿಯಲ್ಲೂ ಈ ಪದ್ಧತಿ ಇದೆ. ಕ್ಯಾಟ್ ಪ್ರವೇಶ ಪರೀಕ್ಷೆ ಬರೆದು ಐಐಎಂಗಳ ಎರಡು ವರ್ಷದ ಕೋರ್ಸಿಗೆ ಸೇರುವವರಿಗೆ ಇದರ ಗೊಡವೆಯಿಲ್ಲ. ಹಾಗಾಗಿ ನಮ್ಮಲ್ಲಿ ಅನೇಕರಿಗೆ ಇದು ಅಪರಿಚಿತ.

ಜಿಮ್ಯಾಟ್ ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆ ರೂಪಿಸಿದ ಸಾಮಾನ್ಯ ನಮೂನೆಯನ್ನು ಹಲವು ಸ್ಕೂಲುಗಳು ಬಳಸುತ್ತವೆ. ಅದರ ಮುಖ್ಯ ಪ್ರಶ್ನೆಗಳು ಎರಡು: ಇದೇ ಬಗೆಯ ಹುದ್ದೆಯ ಇತರ ಸಮರ್ಥರ ಎದುರು ಈ ಅಭ್ಯರ್ಥಿ ಹೇಗೆ ನಿಲ್ಲುತ್ತಾರೆ? ನೀವು ಅವರಿಗೆ ತಿದ್ದಿ ಹೇಳಿದ ಮುಖ್ಯ ಮಾತು ಯಾವುದು, ಅದನ್ನು ಅವರು ಹೇಗೆ ತೆಗೆದುಕೊಂಡರು? ಎರಡನೆಯದೇ ನಿಜವಾದ ಪರೀಕ್ಷೆ. ಬರೀ ಹೊಗಳಿಕೆಯಿಂದ ಅದಕ್ಕೆ ಉತ್ತರ ಬರೆಯಲಾಗದು. ಜೊತೆಯಲ್ಲಿ ಕೆಲಸ ಮಾಡಿಸಿದವರಿಗೆ ಮಾತ್ರ ಅದು ಸಾಧ್ಯ. ಶಾಸಕರ ಲೆಟರ್‌ಹೆಡ್ಡಾಗಲಿ, ಅಭ್ಯರ್ಥಿಯ ಮುಖವನ್ನೇ ನೋಡಿರದ ಕಂಪನಿ ಅಧ್ಯಕ್ಷರ ಸಹಿಯಾಗಲಿ ಇಲ್ಲಿ ಕೆಲಸಕ್ಕೆ ಬಾರದಿರುವುದು ಇದರಿಂದಲೇ. ಸ್ಟ್ಯಾನ್‌ಫರ್ಡ್ ಒಂದು ಪತ್ರವನ್ನು ಈಗಿನ ನೇರ ಮೇಲಧಿಕಾರಿಯಿಂದಲೇ ಬಯಸುತ್ತದೆ.

ನೈತಿಕ ತೊಡಕು ಹುಟ್ಟುವುದು ಬೇರೊಂದು ಕಡೆ. "ನೀನೇ ಬರ್ಕೊಂಡು ಬಾ, ಸೈನ್ ಮಾಡ್ತೀನಿ" ಎನ್ನುವ ಮ್ಯಾನೇಜರುಗಳು ಬೆಂಗಳೂರಿನ ಆಫೀಸುಗಳಲ್ಲಿ ಅಪರೂಪವಲ್ಲ. ಅವರ ಮನಸ್ಸಿನಲ್ಲಿ ಕೇಡಿರುವುದಿಲ್ಲ; ಪುರುಸೊತ್ತು ಇರುವುದಿಲ್ಲ, ಅಷ್ಟೆ. ಆದರೆ ಬರೆಯಬೇಕಾದವರೇ ಕೇಳಿಕೊಂಡರೂ ಅಭ್ಯರ್ಥಿ ತನ್ನ ಪತ್ರದ ಕರಡು ಬರೆಯುವುದು ತಪ್ಪು ಎಂಬುದು ಸ್ಟ್ಯಾನ್‌ಫರ್ಡ್‌ನ ಸ್ಪಷ್ಟ ನಿಲುವು. ನೆನಪಿಗೆ ಸಾಮಗ್ರಿ ಒದಗಿಸುವುದು ಬೇರೆ ಮಾತು. ಜೊತೆಗೆ ಮಾಡಿದ ಪ್ರಾಜೆಕ್ಟುಗಳ ಪಟ್ಟಿ, ರೆಸ್ಯೂಮೆ, ಎಂಬಿಎ ಏಕೆ ಬೇಕೆಂಬ ವಿವರಣೆ, ಕೊನೆಯ ದಿನಾಂಕ ಇವನ್ನು ಒಂದೆರಡು ತಿಂಗಳು ಮೊದಲೇ ಕೊಟ್ಟು, ಎದುರು ಕೂತು ಮಾತಾಡಬಹುದು. ವಾಕ್ಯಗಳು ಮಾತ್ರ ಅವರವೇ ಆಗಿರಬೇಕು. ಅರ್ಜಿಯೊಂದಿಗೆ ಅಭ್ಯರ್ಥಿ ಬರೆದ ಪ್ರಬಂಧದ ಶೈಲಿಯೇ ಎರಡು ಪತ್ರಗಳಲ್ಲೂ ಮರುಕಳಿಸಿದರೆ, ಸಾವಿರಾರು ಅರ್ಜಿ ಓದಿದ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ. ಬರೆಯಲು ಹಿಂದೇಟು ಹಾಕುವವರನ್ನು ಒತ್ತಾಯಿಸದೆ ಬಿಡುವುದೇ ಲೇಸು: ಪೇಲವ ಪತ್ರವೂ ಒಂದು ಅಭಿಪ್ರಾಯವೇ.

ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳಿಗೆ ಸಂಬಂಧಿಸಿದ ಅಮೆರಿಕದ 1974ರ ಫೆರ್ಪಾ ಕಾಯ್ದೆಯಂತೆ, ಪ್ರವೇಶ ಪಡೆದ ವಿದ್ಯಾರ್ಥಿ ತನ್ನ ಕಡತದಲ್ಲಿ ಉಳಿದಿರುವ ಪತ್ರವನ್ನು ನೋಡಬಹುದು. ಅರ್ಜಿಯಲ್ಲೇ ಈ ಹಕ್ಕನ್ನು ಬಿಟ್ಟುಕೊಡಲೂ ಅವಕಾಶವಿದ್ದು, ಹೆಚ್ಚಿನವರು ಹಾಗೆ ಮಾಡುತ್ತಾರೆ. ಬರೆಯುವವರಿಗೆ ಆಗ ಮುಲಾಜಿರುವುದಿಲ್ಲ.

ಓದಲು ಹೊರಟ ಸುದ್ದಿ ತಿಳಿದರೆ ಬಡ್ತಿಗೋ ಬೋನಸ್ಸಿಗೋ ಕುತ್ತು ಬರುವ ಕಡೆ ಈಗಿನ ಬಾಸ್‌ಗೆ ಹೇಳುವುದೇ ಕಷ್ಟ. ಅಂಥವರು ಹಿಂದಿನ ಮೇಲಧಿಕಾರಿಯಿಂದಲೋ ಗ್ರಾಹಕ ಕಂಪನಿಯವರಿಂದಲೋ ಪತ್ರ ಪಡೆದು, ಕಾರಣವನ್ನು ಅರ್ಜಿಯ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಎರಡು ಸಾಲಿನಲ್ಲಿ ತಿಳಿಸುವುದು ರೂಢಿ.